ರೆಕ್ಕೆ ತುಂಬಾ ಮೀನುಕಣ್ಣು: ಪೇಂಟೆಲ್ಲ ಕಿತ್ತು ಹಾಕಬೇಕಾ?

ಪ್ರಶ್ನೆ: ಆರು ವರ್ಷ ಕೂತು ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ ಕಟ್ಟಿದ್ದೇನೆ. ಎಂಜಿನ್ ಕೌಲ್ (ಎಂಜಿನ್ ಮುಚ್ಚುವ ಕವಚ) ಮತ್ತು ರೆಕ್ಕೆಯ ತುದಿಗಳು ಮಾತ್ರ ಫೈಬರ್‌ಗ್ಲಾಸ್. ಪೇಂಟನ್ನೂ ನಾನೇ ಹೊಡೆದೆ. ಮೊದಲು ಎಪಾಕ್ಸಿ ಪ್ರೈಮರ್, ಮೇಲೆ ಎರಡು ಡಬ್ಬಿ ಬೆರೆಸುವ ಬಿಳಿ ಪಾಲಿಯುರೆಥೇನ್. ಅದರ ಮೇಲೆ ಬಣ್ಣವಿಲ್ಲದ ಹೊಳಪು ಪದರ, ಅಂದರೆ ಕ್ಲಿಯರ್ ಕೋಟ್, ಇಲ್ಲ. ಈಗ ಎಡ ರೆಕ್ಕೆಯ ಮೇಲೆ ಸಾಸಿವೆ ಕಾಳಿನಷ್ಟು ಗುಂಡಿಗಳು, ಮೀನುಕಣ್ಣು ಅನ್ನುತ್ತಾರಲ್ಲ, ಅದು. ಬಲ ರೆಕ್ಕೆ ಕಿತ್ತಳೆ ಸಿಪ್ಪೆ ಥರ ಇದೆ. ಬಾಡಿಯ ಪಕ್ಕದಲ್ಲಿ ಎರಡು ಕಡೆ ಪೇಂಟು ಕಣ್ಣೀರಿನ ಹಾಗೆ ಇಳಿದಿದೆ. ಸಂಜೆ ಹೊಡೆದ ರಡ್ಡರ್ (ಬಾಲದಲ್ಲಿ ಎಡಬಲಕ್ಕೆ ಆಡುವ ಭಾಗ) ಬೆಳಿಗ್ಗೆ ನೋಡಿದರೆ ಮಂಕಾಗಿತ್ತು. ಕೌಲ್ ಮೇಲೆ ಸೂಜಿ ಚುಚ್ಚಿದಂಥ ತೂತುಗಳು. ಮೂರು ವಾರ ಬಿಟ್ಟು ಕೆಂಪು ಪಟ್ಟಿಗೆಂದು ಐಲರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಭಾಗ) ಮೇಲೆ ಟೇಪ್ ಅಂಟಿಸಿ ತೆಗೆದರೆ, ಅಂಗೈಯಷ್ಟು ಪೇಂಟು ಟೇಪಿನ ಜೊತೆಗೇ ಬಂತು. ಒಬ್ಬರು ‘ಇನ್ನೊಂದು ಕೋಟ್ ದಪ್ಪಗೆ ಹೊಡಿ, ಎಲ್ಲ ಮುಚ್ಚುತ್ತೆ’ ಅನ್ನುತ್ತಾರೆ. ಇನ್ನೊಬ್ಬರು ‘ರಿಮೂವರ್ ಹಚ್ಚಿ ಎಲ್ಲ ಕಿತ್ತು ಹೊಸದಾಗಿ ಶುರು ಮಾಡು’ ಅನ್ನುತ್ತಾರೆ. ಮೀನುಕಣ್ಣಿಗೆ ಪೇಂಟಿನಲ್ಲಿ ಬೆರೆಸುವ ಔಷಧಿ ಸಿಗುತ್ತದಂತೆ, ಅದನ್ನೂ ಹೇಳಿದರು. ಯಾರ ಮಾತು ಕೇಳಲಿ? ಹಾರುವುದಕ್ಕೆ ಇದರಿಂದ ಅಪಾಯ ಇದೆಯಾ? ಕೆಂಪು ಪಟ್ಟಿ ಯಾವಾಗ ಹೊಡೆಯಬಹುದು?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೀನುಕಣ್ಣಿನಿಂದ ಶುರು ಮಾಡಿ ಐಲರಾನ್ ವಿಷಯವನ್ನು ಕೊನೆಗೆ ತಂದಿದ್ದೀರಿ. ನಾನಾಗಿದ್ದರೆ ಉಲ್ಟಾ ಬರೆಯುತ್ತಿದ್ದೆ. ನೀವು ಹೇಳಿದ ಆರು ದೋಷಗಳಲ್ಲಿ ಐದು ಕಣ್ಣಿಗೆ ಕಿರಿಕಿರಿ, ಅಷ್ಟೇ. ಅವನ್ನು ಹಾಗೇ ಬಿಟ್ಟರೂ ವಿಮಾನ ಹಾರುತ್ತದೆ, ಇಳಿಯುತ್ತದೆ. ಆರನೆಯದು, ಅಂದರೆ ಟೇಪಿನ ಜೊತೆ ಎದ್ದು ಬಂದ ಪೇಂಟು, ಬೇರೆ ಜಾತಿ. ಅದನ್ನು ಸರಿ ಮಾಡದೆ ಮುಂದೆ ಹೋಗುವ ಹಾಗಿಲ್ಲ.

ಆರು ವರ್ಷ ಕಷ್ಟಪಟ್ಟು ಕಟ್ಟಿದ ಮೇಲೆ ಕೊನೆಯ ಎರಡು ವಾರದಲ್ಲಿ ಎಲ್ಲ ಹಾಳು ಮಾಡಿಕೊಂಡೆನೇನೋ ಅನ್ನುವ ಸಂಕಟ ನನಗೆ ಅರ್ಥವಾಗುತ್ತದೆ. ಹಾಳಾಗಿಲ್ಲ. ಹಾಳು ಮಾಡುವ ದಾರಿ ಯಾವುದೆಂದರೆ, ನಿಮಗೆ ಸಿಕ್ಕಿರುವ ಆ ಎರಡು ಸಲಹೆಗಳು. ಮೊದಲು ಅವನ್ನೇ ಪಕ್ಕಕ್ಕಿಡೋಣ.

‘ಇನ್ನೊಂದು ಕೋಟ್ ಹೊಡಿ’ ಅನ್ನುವವರು ಗೋಡೆಗೆ ಸುಣ್ಣ ಬಳಿದ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ. ಪೇಂಟು ಯಾವುದನ್ನೂ ಮುಚ್ಚುವುದಿಲ್ಲ. ಕೆಳಗೆ ಗುಂಡಿ ಇದ್ದರೆ ಮೇಲೂ ಗುಂಡಿ, ಕೆಳಗೆ ಸಿಪ್ಪೆ ಇದ್ದರೆ ಮೇಲೆ ದಪ್ಪ ಸಿಪ್ಪೆ. ಹಿಡಿತ ಬಿಟ್ಟ ಪದರದ ಮೇಲೆ ಎಷ್ಟು ಚೆನ್ನಾಗಿ ಹೊಡೆದರೂ ಅದು ಕೆಳಗಿನದರ ಜೊತೆಗೇ ಎದ್ದು ಬರುತ್ತದೆ. ಇನ್ನೊಂದು ವಿಷಯ ತೂಕ. ನಿಮ್ಮಂಥ ಎರಡು ಸೀಟಿನ ವಿಮಾನದ ಹೊರಮೈ, ರೆಕ್ಕೆಯ ಮೇಲೆ ಕೆಳಗೆ ಎಲ್ಲ ಸೇರಿ, ಸುಮಾರು 40 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಒಣಗಿದ ಮೇಲೆ 60 ಮೈಕ್ರಾನ್ ದಪ್ಪ ಉಳಿಯುವ ಹಾಗೆ ಹೊಡೆದರೆ ಎರಡೂವರೆ ಲೀಟರಿನಷ್ಟು ಗಟ್ಟಿ ಪೇಂಟು ಮೈಮೇಲೆ ಕೂರುತ್ತದೆ. ಅದು ಹತ್ತಿರ ಹತ್ತಿರ ಮೂರೂವರೆ ಕಿಲೋ. ಅದನ್ನು ವಿಮಾನ ಇರುವಷ್ಟು ದಿನವೂ ಹೊತ್ತು ಹಾರಬೇಕು. ಬಾಹ್ಯಾಕಾಶ ನೌಕೆಯ ದೊಡ್ಡ ಇಂಧನ ಟ್ಯಾಂಕ್ ನೆನಪಿದೆಯಾ? 1981ರ ಮೊದಲ ಎರಡು ಹಾರಾಟಗಳಲ್ಲಿ ಅದು ಬಿಳಿ ಬಣ್ಣದಲ್ಲಿತ್ತು. ಆಮೇಲೆ ಪೇಂಟು ಹೊಡೆಯುವುದನ್ನೇ ಬಿಟ್ಟರು, ಟ್ಯಾಂಕ್ ಕಿತ್ತಳೆ ಬಣ್ಣದಲ್ಲೇ ಉಳಿಯಿತು. ಉಳಿತಾಯ ಸುಮಾರು 270 ಕಿಲೋ. ಬರೀ ಪೇಂಟಿನ ತೂಕ ಅದು.

‘ರಿಮೂವರ್ ಹಚ್ಚಿ ಎಲ್ಲ ಕಿತ್ತುಹಾಕು’ ಅನ್ನುವುದು ಇನ್ನೂ ಕೆಟ್ಟ ಸಲಹೆ. ರಿಮೂವರ್ ಪೇಂಟಿನ ಮೇಲೆ ಮಾತ್ರ ನಿಲ್ಲುವುದಿಲ್ಲ. ತಗಡಿನ ಮೇಲೆ ತಗಡು ಕೂರುವ ಸಂದುಗಳಿಗೆ, ರಿವೆಟ್ ತಲೆಯ ಸುತ್ತ ಇಳಿಯುತ್ತದೆ. ಒಳಗೆ ಹೋದದ್ದನ್ನು ತೊಳೆದು ತೆಗೆಯುವುದು ಆಗದ ಮಾತು. ಅದು ಅಲ್ಲೇ ಕೂತು ಹೊಸ ಪೇಂಟನ್ನೂ ಎಬ್ಬಿಸುತ್ತದೆ, ಲೋಹವನ್ನೂ ತಿನ್ನುತ್ತದೆ. ರೆಕ್ಕೆಯೊಳಗೇ ಇಂಧನ ಟ್ಯಾಂಕ್ ಇದ್ದರೆ ಅದರ ಸೀಲಂಟ್‌ಗೂ ಆಪತ್ತು. ಫೈಬರ್‌ಗ್ಲಾಸ್ ಭಾಗಕ್ಕಂತೂ ರಿಮೂವರ್ ಮುಟ್ಟಿಸಲೇಬಾರದು. ಪೇಂಟಿನಲ್ಲಿರುವ ರಾಳಕ್ಕೂ ಕೌಲ್ ಕಟ್ಟಿರುವ ರಾಳಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ, ಎರಡನ್ನೂ ಮೆತ್ತಗೆ ಮಾಡುತ್ತದೆ. ಕ್ಯಾನೊಪಿಯ, ಅಂದರೆ ಸೀಟಿನ ಮೇಲಿನ ಪಾರದರ್ಶಕ ಮುಚ್ಚಳದ, ಅಕ್ರಿಲಿಕ್ ಮೇಲೆ ಒಂದು ಹನಿ ಬಿದ್ದರೂ ಜೇಡರ ಬಲೆಯಂಥ ಬಿರುಕು ಬರುತ್ತದೆ.

ಹಾಗಾದರೆ ಮೆಷಿನ್ ಹಾಕಿ ಲೋಹದವರೆಗೆ ಉಜ್ಜಿಬಿಡೋಣ ಅಂದರೆ ಅದೂ ಬೇಡ. ವಿಮಾನದ ತಗಡು ಬರೀ ಮಿಶ್ರಲೋಹ ಅಲ್ಲ. ಆಲ್‌ಕ್ಲಾಡ್ ಹಾಳೆಯ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರುತ್ತದೆ. ಸಾಮಾನ್ಯವಾಗಿ ಒಂದೊಂದು ಮೈಗೂ ಹಾಳೆಯ ದಪ್ಪದ ಶೇಕಡ 5ರಷ್ಟು. ತುಕ್ಕು ತಡೆಯುವ ಕವಚ ಅದೇ. 0.6 ಮಿಲಿಮೀಟರ್ ತಗಡಿನಲ್ಲಿ ಆ ಪದರ 30 ಮೈಕ್ರಾನ್, ತಲೆಗೂದಲಿನ ಅರ್ಧ ದಪ್ಪ. ಸ್ಯಾಂಡರ್ ಹಿಡಿದು ಎರಡು ನಿಮಿಷ ಮೈಮರೆತರೆ ಹೋಯಿತು.

ಈಗ ದೋಷಗಳಿಗೆ ಬರೋಣ. ಉಪ್ಪುಕಾಗದ ಮುಟ್ಟುವ ಮೊದಲು ಒಂದು ಭೂತಗನ್ನಡಿ ತಗೊಳ್ಳಿ. ರೆಕ್ಕೆಯ ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದು ಒಂದೊಂದು ಗುಂಡಿಯನ್ನೂ ನೋಡಿ. ಗುಂಡಿಗಳಲ್ಲಿ ಮೂರು ಥರ. ನುಣುಪಾದ ಇಳಿಜಾರು, ಸುತ್ತ ಸಣ್ಣ ದಿಣ್ಣೆ, ನಡುವೆ ಪ್ರೈಮರ್ ಕಾಣುತ್ತಿದ್ದರೆ ಅದು ಮೀನುಕಣ್ಣು. ಪೇಂಟಿನ ಮೈಮೇಲೆ ಒಡೆದ ಗುಳ್ಳೆಯ ಹಾಗೆ ಚೂಪು ಅಂಚಿನ ಸಣ್ಣ ತೂತಿದ್ದರೆ ಒಳಗೆ ಸಿಕ್ಕಿಕೊಂಡ ಥಿನ್ನರ್ ಹೊರಗೆ ಹಾರಿದ ಗುರುತು. ಕೋಟ್‌ಗಳ ನಡುವೆ ಸಾಕಷ್ಟು ಹೊತ್ತು ಬಿಡದೆ ಅವಸರ ಮಾಡಿದಾಗ, ಇಲ್ಲವೇ ಬಿಸಿಲಿನ ಹೊತ್ತಿಗೆ ಬೇಗ ಒಣಗುವ ಥಿನ್ನರ್ ಹಾಕಿದಾಗ ಹೀಗಾಗುತ್ತದೆ. ಮೂರನೆಯದು ಪೇಂಟಿಗೆ ಸಂಬಂಧವೇ ಇಲ್ಲದ್ದು, ಕೆಳಗಿನ ಫೈಬರ್‌ಗ್ಲಾಸ್‌ನಲ್ಲೇ ಇರುವ ತೂತು. ನಿಮ್ಮ ಕೌಲ್ ಮೇಲಿರುವುದು ಅದು. ಮೂರಕ್ಕೂ ಒಂದೇ ಮದ್ದು ಹಾಕಲು ಹೋದರೆ ಮೂರೂ ಕೆಡುತ್ತವೆ.

ನಿಮ್ಮ ವಿವರಣೆ ನೋಡಿದರೆ ಎಡ ರೆಕ್ಕೆಯದು ಮೀನುಕಣ್ಣೇ. ಅದಕ್ಕೆ ಕಾರಣ ಒಂದೇ: ಪೇಂಟು ಒಗ್ಗದ ಯಾವುದೋ ಜಿಡ್ಡು ಅಲ್ಲಿತ್ತು. ಬಹಳ ಸಲ ಸಿಲಿಕೋನ್. ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇ, ಟೈರಿಗೆ ಹಚ್ಚುವ ಪಾಲಿಶ್, ಒಗೆಯುವಾಗ ಮೃದು ಮಾಡುವ ದ್ರವ ಹಾಕಿದ ಬಟ್ಟೆ, ಕಂಪ್ರೆಸರಿನಿಂದ ಗಾಳಿಯ ಜೊತೆ ಬರುವ ಎಣ್ಣೆ, ಯಾವುದೂ ಆಗಬಹುದು. ಒಮ್ಮೆ ನಾನು ಇಡೀ ದಿನ ಹುಡುಕಿದ್ದೇನೆ. ಕಂಪ್ರೆಸರಿನ ಫಿಲ್ಟರ್ ಬಿಚ್ಚಿದೆ, ಹೋಸ್ ಬದಲಾಯಿಸಿದೆ, ಥಿನ್ನರ್ ಡಬ್ಬಿಯನ್ನೇ ಎಸೆದೆ. ಕೊನೆಗೆ ರೆಕ್ಕೆಯಿಂದ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದಾಗ ಗುಂಡಿಗಳು ಸಾಲು ಹಿಡಿದಿದ್ದವು. ನಾಲ್ಕು ಸಾಲು, ಪಕ್ಕದಲ್ಲಿ ಒಂದು ಗಿಡ್ಡ ಸಾಲು. ಒಂದು ಕೈ! ಹಿಂದಿನ ದಿನ ಸಹಾಯಕ್ಕೆ ಬಂದಿದ್ದವರು ಕೈಗೆ ಕ್ರೀಮ್ ಹಚ್ಚಿಕೊಂಡು ರೆಕ್ಕೆಗೆ ಒರಗಿ ನಿಂತು ಮಾತಾಡಿದ್ದರು. ನಿಮ್ಮದನ್ನೂ ಹಿಂದೆ ಸರಿದು ನೋಡಿ. ಗುಂಡಿಗಳು ಒಂದೇ ಕಡೆ ಗುಂಪಾಗಿದ್ದರೆ ಯಾರೋ ಮುಟ್ಟಿದ್ದಾರೆ. ಉದ್ದುದ್ದ ಬಳಿದ ಹಾಗಿದ್ದರೆ ಒರೆಸಿದ ಬಟ್ಟೆಯದೇ ತಪ್ಪು. ಮಳೆ ಬಿದ್ದ ಹಾಗೆ ಎಲ್ಲ ಕಡೆ ಸಮವಾಗಿದ್ದರೆ ಕಂಪ್ರೆಸರ್ ಗಾಳಿಯನ್ನು ಒಂದು ಬಿಳಿ ಕಾಗದದ ಮೇಲೆ ಎರಡು ನಿಮಿಷ ಬಿಟ್ಟು ನೋಡಿ, ಎಣ್ಣೆ ಇದ್ದರೆ ಕಲೆ ಕಾಣುತ್ತದೆ.

ಆ ‘ಔಷಧಿ’ ವಿಷಯ. ಮೀನುಕಣ್ಣಿಗೆ ಪೇಂಟಿನಲ್ಲಿ ಬೆರೆಸುವ ದ್ರವ ಹೆಚ್ಚಾಗಿ ಸಿಲಿಕೋನೇ. ಪೇಂಟಿಗೇ ಸಿಲಿಕೋನ್ ಕುಡಿಸಿದರೆ ಅದು ಜಿಡ್ಡಿನ ಮೇಲೂ ಹರಡುತ್ತದೆ, ಅಷ್ಟೇ ಅದರ ಗುಟ್ಟು. ಆಮೇಲೆ ಆ ಗನ್, ಆ ಕೋಣೆ, ಆ ರೆಕ್ಕೆ ಎಲ್ಲಕ್ಕೂ ಸಿಲಿಕೋನ್ ಅಂಟುತ್ತದೆ. ಮುಂದೆ ಮೇಲೆ ಹೊಡೆಯುವ ಪಟ್ಟಿಗೂ ಅದೇ ಕಾಟ. ನಾನು ಅದನ್ನು ವಿಮಾನಕ್ಕೆ ಬಳಸುವುದಿಲ್ಲ.

ಸರಿ ಮಾಡುವುದು ಹೀಗೆ. ಪೇಂಟು ಪೂರ್ತಿ ಗಟ್ಟಿಯಾಗಲಿ. ಎಷ್ಟು ದಿನ ಅಂತ ನಿಮ್ಮ ಡಬ್ಬಿಯ ಜೊತೆ ಬಂದ ಹಾಳೆಯಲ್ಲಿ ಇರುತ್ತದೆ. ಮೂರು ವಾರ ಕಳೆದಿರುವುದರಿಂದ ಆಗಿರಬೇಕು. ಮೊದಲು ತೊಳೆಯಿರಿ, ಆಮೇಲೆ ಉಜ್ಜಿ. ಜಿಡ್ಡಿನ ಮೇಲೆ ಉಜ್ಜಿದರೆ ಅದನ್ನು ಗೀರುಗಳ ಒಳಗೆ ತುರುಕಿದ ಹಾಗಾಗುತ್ತದೆ. ಸೋಪು ನೀರು, ಆಮೇಲೆ ಪೇಂಟ್ ಕಂಪನಿಯೇ ಕೊಡುವ ಕ್ಲೀನರ್. ಎರಡು ಬಟ್ಟೆ ಬೇಕು. ಒಂದರಲ್ಲಿ ಒದ್ದೆ ಮಾಡಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಬಿಡಿ. ಕ್ಲೀನರ್ ತಾನಾಗಿ ಆರಲು ಬಿಟ್ಟರೆ ಜಿಡ್ಡು ಕರಗಿ, ಹರಡಿ, ಮತ್ತೆ ಅಲ್ಲೇ ಕೂರುತ್ತದೆ. ನಾನು ನೋಡಿದ ಮೀನುಕಣ್ಣುಗಳಲ್ಲಿ ಅರ್ಧಕ್ಕೆ ಕಾರಣ ಈ ಒಂದು ತಪ್ಪು. ಬಟ್ಟೆ ಆಗಾಗ ಬದಲಾಯಿಸಿ, ಜಿಪುಣತನ ಬೇಡ. ಆಮೇಲೆ 320 ಅಥವಾ 400 ನಂಬರ್ ಕಾಗದವನ್ನು ಗಟ್ಟಿ ಬ್ಲಾಕಿಗೆ ಸುತ್ತಿ, ಗುಂಡಿಯ ತಳದವರೆಗೆ ಉಜ್ಜಿ. ಮತ್ತೆ ಒರೆಸಿ. ಈಗ ಶುದ್ಧ ನೀರು ಚಿಮುಕಿಸಿ ನೋಡಿ. ನೀರು ಒಂದೇ ಹಾಳೆಯಂತೆ ಹರಡಿ ನಿಂತರೆ ಮೈ ಶುದ್ಧವಾಗಿದೆ. ಎಲ್ಲಾದರೂ ನೀರು ಒಡೆದು ಹನಿಗಟ್ಟಿದರೆ, ಕೆಸುವಿನ ಎಲೆಯ ಮೇಲಿನ ಹಾಗೆ, ಅಲ್ಲಿ ಇನ್ನೂ ಜಿಡ್ಡಿದೆ. ನೀರು ಪೂರ್ತಿ ಆರಿದ ಮೇಲೆ ಒಂದು ತಗಡಿನ ಸಂದಿನಿಂದ ಇನ್ನೊಂದು ಸಂದಿನವರೆಗೆ ಇಡೀ ಪ್ಯಾನೆಲ್ ಹೊಡೆಯಿರಿ. ನಡುವೆ ತೇಪೆ ಹಾಕಿದರೆ ಬಿಸಿಲಲ್ಲಿ ತೇಪೆ ಅಂತಲೇ ಕಾಣುತ್ತದೆ.

ಕಿತ್ತಳೆ ಸಿಪ್ಪೆ ಮತ್ತು ಇಳಿದ ಪೇಂಟು ಅಣ್ಣ ತಮ್ಮ ಇದ್ದ ಹಾಗೆ. ಪೇಂಟು ಸಣ್ಣ ಹನಿಯಾಗಿ ಒಡೆಯದೆ, ಹರಡುವ ಮೊದಲೇ ಬಿಗಿದುಕೊಂಡರೆ ಸಿಪ್ಪೆ. ಜಾಸ್ತಿ ಬಿದ್ದು ಹರಡಿ ಹರಡಿ ಜಾರಿದರೆ ಕಣ್ಣೀರು. ಗನ್ ದೂರ ಹಿಡಿದರೆ ಮೊದಲನೆಯದು, ಹತ್ತಿರ ಹಿಡಿದು ಕೈ ನಿಧಾನ ಮಾಡಿದರೆ ಎರಡನೆಯದು. 15ರಿಂದ 20 ಸೆಂಟಿಮೀಟರ್ ದೂರ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚುವ ಹಾಗೆ, ಮಣಿಕಟ್ಟು ತಿರುಗಿಸದೆ ಇಡೀ ತೋಳು ಆಡಿಸಿ. ಹೇಳುವುದು ಸುಲಭ, ನನ್ನ ಮೊದಲ ವಿಮಾನದಲ್ಲಿ ಹನ್ನೊಂದು ಕಣ್ಣೀರು ಇದ್ದವು. ಸಿಪ್ಪೆ ಹೋಗಲಿ ಅಂತ ಥಿನ್ನರ್ ಜಾಸ್ತಿ ಸುರಿಯುವುದು ಮಾತ್ರ ಬೇಡ. ಹಾಳೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹಾಕಿದರೆ ಸಿಪ್ಪೆ ಹೋಗಿ ಕಣ್ಣೀರು ಬರುತ್ತದೆ.

ನಿಮ್ಮ ಪುಣ್ಯ, ಬಿಳಿ ಬಣ್ಣ, ಲೋಹದ ಪುಡಿ ಇಲ್ಲದ್ದು. ಇದನ್ನು ಉಜ್ಜಿ ಪಾಲಿಶ್ ಮಾಡಬಹುದು. ಕ್ಲಿಯರ್ ಇಲ್ಲದ ಮೆಟಾಲಿಕ್ ಆಗಿದ್ದರೆ ಉಜ್ಜಿದ ಕಡೆಯೆಲ್ಲ ಮೋಡ ಮೋಡವಾಗುತ್ತಿತ್ತು. ಕಣ್ಣೀರಿನ ಸುತ್ತ ಟೇಪ್ ಅಂಟಿಸಿ, ಗಟ್ಟಿ ಬ್ಲಾಕಿನಲ್ಲಿ 1000 ನಂಬರಿನಿಂದ ದಿಣ್ಣೆ ಮಾತ್ರ ಇಳಿಸಿ. ಆಮೇಲೆ ಟೇಪ್ ತೆಗೆದು 1500, 2000, ಕೊನೆಗೆ ಪಾಲಿಶ್. ಕಾರಿನವರು ಬ್ಲೇಡಿನಿಂದ ಕೆರೆಯುತ್ತಾರೆ. ವಿಮಾನದ ತಗಡಿನ ಮೇಲೆ ಬ್ಲೇಡ್ ಬೇಡ. ಪೇಂಟು ದಾಟಿ ಲೋಹಕ್ಕೆ ಬಿದ್ದ ಒಂದು ಗೀರು ಮುಂದೆ ಬಿರುಕಿನ ಬೀಜವಾಗುತ್ತದೆ. ಸಿಪ್ಪೆಗೂ ಹೀಗೇ, 1500ರಿಂದ ಶುರು. ಆದರೆ ರಿವೆಟ್ ತಲೆ ಮತ್ತು ಅಂಚುಗಳ ಮೇಲೆ ಕೈ ಹಗುರ ಇರಲಿ, ಅಲ್ಲಿ ಪೇಂಟು ಯಾವಾಗಲೂ ತೆಳು. ಎಷ್ಟು ಉಳಿದಿದೆ ಅಂತ ಅಳೆಯಬೇಕಾದರೆ ಅಲ್ಯೂಮಿನಿಯಂ ಮೇಲೆ ಕೆಲಸ ಮಾಡುವ ಗೇಜ್ ತನ್ನಿ. ಕಬ್ಬಿಣದ ಕಾರಿಗೆಂದು ಮಾಡಿದ ಅಯಸ್ಕಾಂತದ ಗೇಜ್ ಇಲ್ಲಿ ಉಪಯೋಗಕ್ಕಿಲ್ಲ. ನಿಜ ಹೇಳಬೇಕೆಂದರೆ ಬಲ ರೆಕ್ಕೆಯ ಕೆಳಭಾಗದ ಸಿಪ್ಪೆಯನ್ನು ನಾನಾಗಿದ್ದರೆ ಮುಟ್ಟುತ್ತಲೇ ಇರಲಿಲ್ಲ. ಅದನ್ನು ನೋಡಲು ಯಾರು ಬಗ್ಗುತ್ತಾರೆ?

ಮಂಕಾದ ರಡ್ಡರ್‌ಗೆ ಕಾರಣ ಸಂಜೆ. ತೆಳು ತಗಡಿಗೆ ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ, ಸೂರ್ಯ ಇಳಿದ ಕೂಡಲೇ ತಣ್ಣಗಾಗುತ್ತದೆ. ಗಾಳಿ 22 ಡಿಗ್ರಿ, ತೇವ ಶೇಕಡ 80 ಇದ್ದರೆ ಸುಮಾರು 18 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ಅಂದರೆ ತಗಡು ಬರೀ ನಾಲ್ಕು ಡಿಗ್ರಿ ಇಳಿದರೆ ಸಾಕು, ನಿಮ್ಮ ಹಸಿ ಪೇಂಟಿನ ಮೇಲೆ ಕಣ್ಣಿಗೆ ಕಾಣದ ನೀರು. ಪಾಲಿಯುರೆಥೇನಿನ ಹಾರ್ಡ್‌ನರ್ (ಪೇಂಟನ್ನು ಗಟ್ಟಿ ಮಾಡಲು ಬೆರೆಸುವ ಎರಡನೇ ಡಬ್ಬಿ) ನೀರು ಸಿಕ್ಕರೆ ಪೇಂಟು ಬಿಟ್ಟು ನೀರಿನ ಜೊತೆ ಸೇರಿಕೊಳ್ಳುತ್ತದೆ, ಹೊಳಪು ಹೋಗುತ್ತದೆ. ಇಬ್ಬನಿ ಕಟ್ಟುವ ಉಷ್ಣತೆಗಿಂತ ತಗಡು ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ಪೇಂಟು ಬಿಗಿಯುವವರೆಗೂ ಹಾಗೇ ಇರಬೇಕು. ಅದಕ್ಕೇ ನಾನು ಬೆಳಿಗ್ಗೆ ಹೊಡೆಯುತ್ತೇನೆ, ಮಧ್ಯಾಹ್ನದ ಬಿಸಿ ಮುಂದಿರುತ್ತದೆ. ಮೊದಲು ರಡ್ಡರಿನ ಒಂದು ಮೂಲೆಯನ್ನು ಪಾಲಿಶ್ ಹಾಕಿ ತಿಕ್ಕಿ ನೋಡಿ. ಹೊಳಪು ಬಂದು, ನಾಲ್ಕು ದಿನ ಬಿಟ್ಟರೂ ಉಳಿದರೆ ಮಂಕು ಮೇಲ್ಮೈಯದು ಮಾತ್ರ, ಇಡೀ ರಡ್ಡರ್ ಪಾಲಿಶ್ ಮಾಡಿ ಮುಗಿಸಿ. ಮತ್ತೆ ಮಂಕಾದರೆ 600ರಲ್ಲಿ ಉಜ್ಜಿ ಮತ್ತೆ ಹೊಡೆಯಬೇಕು.

ಕೌಲ್ ಬಿಚ್ಚಿ ಟೇಬಲ್ ಮೇಲಿಡಿ. ಫೈಬರ್‌ಗ್ಲಾಸ್ ನೇಯ್ಗೆಯ ಸಂದುಗಳಲ್ಲಿ ಗಾಳಿ ಕೂತಿರುತ್ತದೆ. ಸ್ಪ್ರೇ ಮಾಡಿದ ಪ್ರೈಮರ್ ಅದರ ಬಾಯಿಗೆ ಸೇತುವೆ ಕಟ್ಟುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಬಿಸಿಯಾದಾಗ ಗಾಳಿ ಉಬ್ಬಿ ಸೇತುವೆ ಒಡೆಯುತ್ತದೆ. ಹತ್ತು ಸಲ ಪ್ರೈಮರ್ ಹೊಡೆದರೂ ತೂತು ಹಾಗೇ ಇರುವುದು ಇದರಿಂದಲೇ. ಪೇಂಟು ಉಜ್ಜಿ ತೆಗೆದು, ತುಂಬುವ ಪುಡಿ ಏನೂ ಬೆರೆಸದ ತೆಳು ಎಪಾಕ್ಸಿಯನ್ನು ರಬ್ಬರ್ ಪಟ್ಟಿಯಿಂದಲೋ ಗ್ಲೌಸ್ ಹಾಕಿದ ಕೈಯಿಂದಲೋ ಒತ್ತಿ ಒತ್ತಿ ತೂತಿನೊಳಗೆ ತಳ್ಳಿ, ಮೇಲೆ ನಿಂತದ್ದನ್ನು ಎಳೆದು ತೆಗೆಯಿರಿ. ಎರಡು ಮೂರು ಸಲ ಹೀಗೆ ಮಾಡಿದರೆ ತುಂಬುತ್ತದೆ, ತೂಕವೂ ಹೆಚ್ಚಾಗುವುದಿಲ್ಲ. ಅಂದ ಹಾಗೆ ಫೈಬರ್‌ಗ್ಲಾಸ್ ಮೇಲೆ ಬಿಳಿ ಒಳ್ಳೆಯ ಆಯ್ಕೆ. ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ರಾಳ ಬಿಸಿಲಲ್ಲಿ ಕಾದರೆ ಮೆತ್ತಗಾಗುತ್ತದೆ. ಅಮೆರಿಕದ ವಿಮಾನ ವಿನ್ಯಾಸಕಾರ ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಿಯಂಥ ಫೈಬರ್‌ಗ್ಲಾಸ್ ವಿಮಾನಗಳು ಸಾಮಾನ್ಯವಾಗಿ ಬಿಳಿಯಾಗಿರುವುದು ಚಂದಕ್ಕಲ್ಲ.

ಈಗ ಐಲರಾನ್.

ಟೇಪಿನ ಜೊತೆ ಬಂದ ಆ ಪೇಂಟಿನ ತುಂಡನ್ನು ಎಸೆದಿಲ್ಲ ತಾನೇ? ಅದರ ಬೆನ್ನು ನೋಡಿ. ಬೆನ್ನೂ ಬಿಳಿ ಇದ್ದು, ತಗಡಿನ ಮೇಲೆ ಪ್ರೈಮರ್ ಹಾಗೇ ಉಳಿದಿದ್ದರೆ, ಪ್ರೈಮರ್ ಹೊಡೆದು ಬಹಳ ದಿನ ಬಿಟ್ಟು ಉಜ್ಜದೆಯೇ ಮೇಲಿನ ಪೇಂಟು ಹೊಡೆದಿದ್ದೀರಿ. ಎಪಾಕ್ಸಿ ಪ್ರೈಮರಿಗೆ ಒಂದು ಗಡುವು ಇರುತ್ತದೆ. ಅದರೊಳಗೆ ಹೊಡೆದರೆ ಮೇಲಿನದು ಬೆಸೆದುಕೊಳ್ಳುತ್ತದೆ. ಗಡುವು ದಾಟಿದರೆ ಪ್ರೈಮರ್ ಗಾಜಿನ ಹಾಗೆ, ಉಜ್ಜದೆ ಏನೂ ಹಿಡಿಯುವುದಿಲ್ಲ. ತುಂಡಿನ ಬೆನ್ನಿನಲ್ಲಿ ಪ್ರೈಮರ್ ಬಣ್ಣ ಇದ್ದು, ತಗಡು ಹೊಳೆಯುತ್ತಿದ್ದರೆ ತಪ್ಪು ಇನ್ನೂ ಕೆಳಗೆ, ಲೋಹವನ್ನು ತೊಳೆದು ಒರಟು ಮಾಡುವಲ್ಲಿ. ಪ್ರೈಮರ್ ನಡುವೆಯೇ ಸೀಳಿ ಎರಡೂ ಕಡೆ ಅಂಟಿದ್ದರೆ, ಹಾರ್ಡ್‌ನರ್ ಅಳತೆ ತಪ್ಪಿದೆ ಅಥವಾ ಸರಿಯಾಗಿ ಕಲಕಿಲ್ಲ. ಈ ಮೂರರಲ್ಲಿ ಮೊದಲನೆಯದಾಗಿರಲಿ ಅಂತ ಹಾರೈಸಿ, ಅದು ಎಲ್ಲಕ್ಕಿಂತ ಸುಲಭ.

ಮುಂದಿನ ಪ್ರಶ್ನೆ, ಬೇರೆ ಕಡೆಯೂ ಹೀಗೇ ಇದೆಯಾ ಅನ್ನುವುದು. ಒಂದೇ ದಿನ, ಒಂದೇ ಬ್ಯಾಚಿನಲ್ಲಿ ಪ್ರೈಮರ್ ಹೊಡೆದ ಭಾಗಗಳೆಲ್ಲ ಸಂಶಯದ ಪಟ್ಟಿಗೆ ಸೇರುತ್ತವೆ. ಡೈರಿ ಬರೆದಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಅವುಗಳ ಮೇಲೆ ಗಟ್ಟಿ ಟೇಪ್ ಒತ್ತಿ ಅಂಟಿಸಿ ಸರಕ್ಕನೆ ಎಳೆಯಿರಿ. ಪೇಂಟನ್ನು ಚೌಕ ಚೌಕವಾಗಿ ಕೊಯ್ದು ಟೇಪ್ ಎಳೆಯುವ ಪರೀಕ್ಷೆಯೂ ಇದೆ, ನಂಬಿಕೆಗೆ ಅದೇ ಒಳ್ಳೆಯದು. ಆದರೆ ಅದನ್ನು ರೆಕ್ಕೆಯ ತಗಡಿನ ಮೇಲೆ ಮಾಡಬೇಡಿ, ಬ್ಲೇಡಿನ ಗೀರಿನ ಬಗ್ಗೆ ಆಗಲೇ ಹೇಳಿದೆ. ಒಳಗೆ ನೋಡಲು ಇರುವ ಸಣ್ಣ ಮುಚ್ಚಳಗಳನ್ನು ಅದೇ ದಿನ ಹೊಡೆದಿದ್ದರೆ ಅದರ ಮೇಲೆ ಮಾಡಿ. ಕೆಟ್ಟರೆ ಹೊಸ ಮುಚ್ಚಳ ಕತ್ತರಿಸಿದರಾಯಿತು. ಮುಂದಿನ ಸಲ ಹೊಡೆಯುವಾಗ ಪಕ್ಕದಲ್ಲಿ ಒಂದು ಚೂರು ತಗಡು ನೇತುಹಾಕಿ ಅದಕ್ಕೂ ಹೊಡೆದಿಡಿ. ಪರೀಕ್ಷೆಗೆ ಅದೇ ಸಾಕು.

ಐಲರಾನ್ ಬಿಚ್ಚಿ ತನ್ನಿ. ಎದ್ದ ಜಾಗದ ಅಂಚಿನಿಂದ ಶುರು ಮಾಡಿ ಟೇಪಿನಿಂದ, ಪ್ಲಾಸ್ಟಿಕ್ ಪಟ್ಟಿಯಿಂದ ಎಷ್ಟು ಬರುತ್ತದೋ ಅಷ್ಟೂ ಎಬ್ಬಿಸಿ. ಪೇಂಟು ತಾನಾಗಿ ಬರುವುದನ್ನು ನಿಲ್ಲಿಸಿದ ಕಡೆ ಅಂಚನ್ನು ಇಳಿಜಾರಾಗಿ ಉಜ್ಜಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎದ್ದರೆ ಉಳಿದದ್ದನ್ನು ನಂಬಬೇಡಿ, ಕೈಯಿಂದ ಉಜ್ಜಿ ಪ್ರೈಮರಿನವರೆಗೆ ಎಲ್ಲ ಇಳಿಸಿ. ಲೋಹ ಕಂಡರೆ ಕಂದುಗೆಂಪು ಬಣ್ಣದ ಸ್ಕಾಚ್-ಬ್ರೈಟ್‌ನಿಂದ ಹಗುರವಾಗಿ ಮೈ ಒರಟು ಮಾಡಿ. ಸ್ಟೀಲ್ ವೂಲ್ ಬೇಡ, ಅದರ ಕಬ್ಬಿಣದ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ತುಕ್ಕಿಗೆ ದಾರಿಯಾಗುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕುವುದೂ ಬೇಡ, ಗ್ರಾಫೈಟ್ ಕೂಡ ಅದೇ ಕೆಲಸ ಮಾಡುತ್ತದೆ. ಆಮೇಲೆ ಒರೆಸಿ, ನೀರಿನ ಪರೀಕ್ಷೆ ಮಾಡಿ, ಪ್ರೈಮರ್, ಗಡುವಿನೊಳಗೆ ಮೇಲಿನ ಪೇಂಟು.

ಇದನ್ನು ಹಾಗೇ ಬಿಟ್ಟು ಹಾರಿದರೆ ಏನು? ಹಿಡಿತ ಬಿಟ್ಟ ಪೇಂಟಿನ ಕೆಳಗೆ ನೀರು ಸೇರಿ ಹುಳು ಹರಿದ ಹಾಗೆ ತುಕ್ಕಿನ ಗೆರೆಗಳು ಓಡುತ್ತವೆ. ಅದು ನಿಧಾನದ ಅಪಾಯ. ಬೇಗನೆ ಬರುವ ಅಪಾಯ ಬ್ಯಾಲೆನ್ಸಿನದು. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ, ಅದಕ್ಕೇ ನನಗೆ ಚಿಂತೆ. ಪೇಂಟು ಹೊಡೆದ ಮೇಲೆ ಐಲರಾನ್, ಎಲಿವೇಟರ್ (ಬಾಲದಲ್ಲಿ ಮೇಲೆ ಕೆಳಗೆ ಆಡುವ ಭಾಗ), ರಡ್ಡರ್‌ಗಳ ಬ್ಯಾಲೆನ್ಸ್, ಅಂದರೆ ಕೀಲಿನ ಹಿಂದೆ ಮುಂದೆ ತೂಕ ಸಮ ಇದೆಯಾ ಅನ್ನುವುದನ್ನು, ಮತ್ತೆ ಅಳೆದಿರಾ? ಇವುಗಳ ಹೆಚ್ಚಿನ ಮೈ ಕೀಲಿನ ಹಿಂದೆ ಇರುತ್ತದೆ, ಹಾಗಾಗಿ ಪೇಂಟಿನ ತೂಕವೂ ಹಿಂದೆಯೇ ಕೂರುತ್ತದೆ. ಕೀಲಿನಿಂದ 15 ಸೆಂಟಿಮೀಟರ್ ಹಿಂದೆ 100 ಗ್ರಾಂ ಪೇಂಟು ಸೇರಿದರೆ, ಕೀಲಿಗಿಂತ ಏಳೂವರೆ ಸೆಂಟಿಮೀಟರ್ ಮುಂದೆ ತೂಕ ಸಮ ಮಾಡಲು ಇಟ್ಟಿರುವ ಸೀಸಕ್ಕೆ 200 ಗ್ರಾಂ ಸೇರಿಸಬೇಕು. ಸೇರಿಸದಿದ್ದರೆ ವೇಗ ಹೆಚ್ಚಿದಾಗ ಐಲರಾನ್ ಗಾಳಿಗೆ ಸಿಕ್ಕ ಬಾವುಟದ ಹಾಗೆ ಬಡಿದುಕೊಳ್ಳಲು ಶುರು ಮಾಡಬಹುದು. ಅದೇ ಫ್ಲಟರ್. ಶುರುವಾದರೆ ಯೋಚಿಸಲು ಸಮಯ ಕೊಡುವುದಿಲ್ಲ, ಕೆಲವೇ ಕ್ಷಣದಲ್ಲಿ ಕಿತ್ತುಕೊಂಡು ಹೋಗಬಹುದು. ನಿಮ್ಮ ವಿಮಾನದ ಡ್ರಾಯಿಂಗಿನಲ್ಲಿ ಬ್ಯಾಲೆನ್ಸ್ ಎಷ್ಟಿರಬೇಕು ಅಂತ ಬರೆದಿರುತ್ತದೆ. ಐಲರಾನನ್ನು ಆಡಿಸುವ ತಳ್ಳುಕೋಲು ಬಿಚ್ಚಿ, ಕೀಲು ಸಲೀಸಾಗಿ ಆಡುವ ಹಾಗೆ ಇಟ್ಟು ಅಳೆಯಿರಿ. ಹಾಗೇ ಕೆಳಗಿನ ಅಂಚಿನ ನೀರು ಹೋಗುವ ತೂತುಗಳು ಪೇಂಟಿನಿಂದ ಮುಚ್ಚಿವೆಯಾ ನೋಡಿ. ಒಳಗೆ ನಿಂತ ನೀರೂ ಕೀಲಿನ ಹಿಂದಿನ ತೂಕವೇ.

ಎಲ್ಲ ಮುಗಿದ ಮೇಲೆ ಇಡೀ ವಿಮಾನ ಮತ್ತೆ ತೂಗಿ. ಬಾಲದ ಮೇಲೆ ಕೂತ ಒಂದೊಂದು ಕಿಲೋ ಪೇಂಟೂ ತೂಕದ ಕೇಂದ್ರವನ್ನು ಹಿಂದೆ ಎಳೆಯುತ್ತದೆ. ಪಿಟೋ ಮತ್ತು ಸ್ಟ್ಯಾಟಿಕ್ ತೂತುಗಳಿಗೆ (ವೇಗ, ಎತ್ತರ ತೋರಿಸುವ ಮೀಟರುಗಳಿಗೆ ಹೊರಗಿನ ಗಾಳಿಯ ಒತ್ತಡ ಮುಟ್ಟಿಸುವ ತೂತುಗಳು) ಅಂಟಿಸಿದ ಟೇಪ್ ತೆಗೆದಿದ್ದೀರಾ ಅಂತ ಕೈಯಿಂದ ಮುಟ್ಟಿ ನೋಡಿ, ಕಣ್ಣನ್ನು ನಂಬಬೇಡಿ. ಸ್ಟ್ಯಾಟಿಕ್ ತೂತಿನ ಸುತ್ತ ಪೇಂಟಿನ ದಿಣ್ಣೆ ಉಳಿದರೂ ವೇಗ, ಎತ್ತರ ತಪ್ಪು ತೋರಿಸಬಹುದು. 1996ರ ಅಕ್ಟೋಬರಿನಲ್ಲಿ ಪೆರುವಿನ ಲಿಮಾದಿಂದ ರಾತ್ರಿ ಹೊರಟ ಒಂದು ಬೋಯಿಂಗ್ 757ರಲ್ಲಿ, ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ತೂತಿಗೆ ಅಂಟಿಸಿದ್ದ ಟೇಪ್ ಹಾಗೇ ಉಳಿದಿತ್ತು. ವಿಮಾನ ಸಮುದ್ರಕ್ಕೆ ಬಿದ್ದು 70 ಜನ ಸತ್ತರು. ನಾನು ಮಾತ್ರ ಅಲ್ಲಿಗೆ ಯಾವಾಗಲೂ ಕಣ್ಣಿಗೆ ಹೊಡೆಯುವ ಬಣ್ಣದ ಟೇಪ್ ಹಾಕಿ, ಅದರಿಂದ ಒಂದು ಉದ್ದ ರಿಬ್ಬನ್ ನೇತುಬಿಡುತ್ತೇನೆ.

ನೀವು ಕೇಳದ ಒಂದು ಮಾತು. ಮತ್ತೆ ಗನ್ ಹಿಡಿಯುವ ಮೊದಲು ಉಸಿರಿನ ವ್ಯವಸ್ಥೆ ನೋಡಿಕೊಳ್ಳಿ. ಪಾಲಿಯುರೆಥೇನಿನ ಹಾರ್ಡ್‌ನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅಪಾಯದ ಮಟ್ಟಕ್ಕೆ ಬಂದರೂ ಅದರ ವಾಸನೆ ಗೊತ್ತಾಗುವುದಿಲ್ಲ. ಧೂಳಿನ ಮುಖವಾಡ ಸುಮ್ನೆ ಸಮಾಧಾನಕ್ಕೆ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮಾಸ್ಕ್ ಬೇಕು. ಮೈ, ಕಣ್ಣು ಎಲ್ಲ ಮುಚ್ಚಿರಬೇಕು, ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಮತ್ತೆ ಸರಿಹೋಗುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು, ನನಗಿಂತ ಒಳ್ಳೆಯ ಕೈ, ಈಗ ಪೇಂಟ್ ಶೆಡ್ಡಿನ ಬಾಗಿಲಿಗೆ ಬಂದರೂ ಎದೆ ಬಿಗಿದು ಕೆಮ್ಮುತ್ತಾರೆ. ಗಾಳಿ ಎಳೆಯುವ ಫ್ಯಾನ್ ಕೂಡ ಕಿಡಿ ಹಾರದಂಥದ್ದಿರಲಿ, ಥಿನ್ನರ್ ಆವಿಗೆ ಒಂದು ಕಿಡಿ ಸಾಕು.

ಕೊನೆಗೆ ನಿಮ್ಮ ಕೆಂಪು ಪಟ್ಟಿ. ಟೇಪಿನ ಪರೀಕ್ಷೆ ಎಲ್ಲ ಕಡೆ ಪಾಸಾಗುವವರೆಗೆ ಬೇಡ. ಪಾಸಾದ ಮೇಲೆ, ಪಟ್ಟಿ ಬರುವ ಜಾಗವನ್ನು ಮಾತ್ರ 600ರಿಂದ 800 ನಂಬರಿನಲ್ಲಿ ಮಂಕು ಮಾಡಿ ಒರೆಸಿ, ತೆಳು ಅಂಚಿನ ಟೇಪ್ ಅಂಟಿಸಿ. ಮೊದಲು ಟೇಪಿನ ಅಂಚಿನ ಮೇಲೆ ಬಿಳಿಯನ್ನೇ ತೆಳ್ಳಗೆ ಹೊಡೆಯಿರಿ. ಸಂದಿನಲ್ಲಿ ಸೋರುವುದಿದ್ದರೆ ಬಿಳಿ ಸೋರಿ ಸಂದು ಮುಚ್ಚುತ್ತದೆ, ಆಮೇಲೆ ಹೊಡೆದ ಕೆಂಪು ಒಳಗೆ ನುಗ್ಗುವುದಿಲ್ಲ. ಕೆಂಪನ್ನು ದಪ್ಪಗೆ ಒಂದಲ್ಲ, ತೆಳ್ಳಗೆ ಎರಡು ಸಲ ಹೊಡೆಯಿರಿ. ಪೇಂಟು ಬೆರಳಿಗೆ ಅಂಟದಷ್ಟು ಬಿಗಿದಾಗ, ಪೂರ್ತಿ ಗಟ್ಟಿಯಾಗುವ ಮೊದಲು, ಟೇಪನ್ನು ಅದರ ಬೆನ್ನಿನ ಮೇಲೆಯೇ ಮಡಚಿಕೊಂಡು ನಿಧಾನವಾಗಿ ಎಳೆಯಿರಿ. ಪಟ್ಟಿ ಐಲರಾನ್ ದಾಟಿ ಹೋಗುವುದಾದರೆ ಬ್ಯಾಲೆನ್ಸ್ ಅಳೆಯುವ ಕೆಲಸವನ್ನು ಪಟ್ಟಿ ಒಣಗುವವರೆಗೆ ಇಟ್ಟುಕೊಳ್ಳಿ, ಎರಡು ಸಲ ಬಿಚ್ಚುವ ಕಷ್ಟ ತಪ್ಪುತ್ತದೆ.